ಕೋಟೆಗಿಂತ ಶಾಲೆ ದೊಡ್ಡದು

ಗ್ರೀಸ್ ದೇಶವೆಂದೊಡನೆ ನಮ್ಮ ಸುಶಿಕ್ಷಿತರಿಗೆ ಅಥೆನ್ಸ್, ಸ್ಪಾರ್ಟಾಗಳೇ ನೆನಪಾಗುವವು. ಆದರೆ ಅದರ ವಾಯವ್ಯಕ್ಕೆ, ಎಪಿರಸ್ ಪ್ರಾಂತದ ಬೆಟ್ಟಗಳ ನಡುವೆ, ಪಾಮ್ವೋಟಿಸ್ ಸರೋವರದ ದಂಡೆಯಲ್ಲಿರುವ ಯೋವಾನಿನಾ ಪಟ್ಟಣದ ಚರಿತ್ರೆಯು ಭಾಷಾಭಿಮಾನಿಗಳಿಗೆ ಇನ್ನೂ ಹೆಚ್ಚು ಬೋಧಪ್ರದವಾದುದೆಂದು ನಾವು ಭಾವಿಸುತ್ತೇವೆ.

1430ರಲ್ಲಿ ಈ ಪಟ್ಟಣವು ತುರ್ಕರಿಗೆ ಶರಣಾಯಿತು. 1830ರಲ್ಲಿ ಗ್ರೀಸ್ ಸ್ವತಂತ್ರ ರಾಜ್ಯವೆಂದು ಮಾನ್ಯವಾದಾಗಲೂ ಅದು ಗಡಿಯ ಹೊರಗೇ ಉಳಿಯಿತು. 1913ರ ಮಾರ್ಚ್ 6ರಂದು ಗ್ರೀಕ್ ಸೈನ್ಯವು ಒಳಹೊಕ್ಕಾಗ ಪರರಾಳಿಕೆಗೆ 483 ವರ್ಷಗಳಾಗಿದ್ದವು. ಇಷ್ಟು ಕಾಲ ಅಲ್ಲಿ ಗ್ರೀಕ್ ಭಾಷೆಯನ್ನು ಕಾಯ್ದವರಾರು?

ಕೋಟೆಯಂತೂ ಅಲ್ಲ. 1788ರಿಂದ ಅಲ್ಲಿ ಮೆರೆದ ಅಲಿ ಪಾಶಾನು ಆ ಕೋಟೆಯನ್ನು ಬಲಪಡಿಸಿದನು. ಸುಲ್ತಾನನಿಗೇ ಇದಿರುನಿಂತು 1822ರಲ್ಲಿ ಸರೋವರದ ನಡುಗಡ್ಡೆಯಲ್ಲಿ ಹತನಾದನು. ಆ ಕಲಹದಲ್ಲಿ ಊರು ಬೆಂಕಿಗೆ ತುತ್ತಾಯಿತು. ಭಾಷೆಯನ್ನು ಕಾಯ್ದವರು ವರ್ತಕರು ಹಾಗೂ ಉಪಾಧ್ಯಾಯರು. ಈ ಊರಿನ ನಿಕೋಲಾವೋಸ್ ಗ್ಲಿಕಿಸನು 1670ರಲ್ಲಿ ವೆನಿಸ್ಸಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿ ಗ್ರೀಕ್ ಗ್ರಂಥಗಳನ್ನು ಅಚ್ಚುಹಾಕಿಸಿದನು. ಪರದೇಶಗಳಲ್ಲಿ ವ್ಯಾಪಾರದಿಂದ ಸಿರಿವಂತರಾದ ಝೋಸಿಮಾಸ್ ಸಹೋದರರ ದ್ರವ್ಯದಿಂದ, ಊರು ಸುಟ್ಟ ಕೆಲವೇ ವರ್ಷಗಳಲ್ಲಿ, 1828ರಲ್ಲಿ ಝೋಸಿಮಾಯಾ ಶಾಲೆಯು ತೆರೆಯಿತು.

ಬಿಡುಗಡೆಯನ್ನು ತಂದದ್ದು ಶಾಲೆಯಲ್ಲ, ಸೈನ್ಯವೆಂದು ಕೆಲವರು ಆಕ್ಷೇಪಿಸಬಹುದು. ನಿಜ. ಆದರೆ ಸೈನ್ಯವು ಬಂದಾಗ ಗ್ರೀಕ್ ನುಡಿಯುವ ಊರೇ ಉಳಿದಿರದಿದ್ದರೆ, ಗೆದ್ದದ್ದು ಬರಿಯ ನೆಲವಾಗುತ್ತಿತ್ತು.

ಈ ಚರಿತ್ರೆಗೆ ನೋವಿನ ಇನ್ನೊಂದು ಮುಖವೂ ಉಂಟು. ಅಲ್ಲಿಯ ಮುಸಲ್ಮಾನರಲ್ಲಿ ಅನೇಕರ ಮನೆಮಾತು ಗ್ರೀಕ್ ಆಗಿತ್ತು. ಆದರೂ 1923ರ ಲೋಸಾನ್ ಒಪ್ಪಂದದಂತೆ ಮತವನ್ನೇ ಎಣಿಸಿ ಜನರನ್ನು ವಿನಿಮಯ ಮಾಡಿದ್ದರಿಂದ ಅವರು ಊರು ಬಿಡಬೇಕಾಯಿತು. ರೋಮಾನಿಯೋಟರೆಂಬ ಯಹೂದಿಗಳೂ ಶತಮಾನಗಳಿಂದ ಗ್ರೀಕ್ ಆಡುತ್ತಿದ್ದವರೇ. 1944ರ ಮಾರ್ಚ್ 25ರಂದು, ಗ್ರೀಸಿನ ಸ್ವಾತಂತ್ರ್ಯೋತ್ಸವದ ದಿನದಂದೇ, ಜರ್ಮನರು ಅವರಲ್ಲಿ 1,800ಕ್ಕೂ ಹೆಚ್ಚು ಜನರನ್ನು ಹಿಡಿದು ಔಶ್ವಿಟ್ಸ್ ಮರಣಶಿಬಿರಕ್ಕೆ ಸಾಗಿಸಿದರು. ಮರಳಿದವರು ಅತ್ಯಲ್ಪ.

2019ರಲ್ಲಿ ಇದೇ ಪಟ್ಟಣವು ಮೊಯ್ಸಿಸ್ ಎಲಿಸಾಫ್ ಎಂಬ ಯಹೂದಿ ವೈದ್ಯರನ್ನು ತನ್ನ ನಗರಾಧ್ಯಕ್ಷರನ್ನಾಗಿ ಆರಿಸಿತು. ಗ್ರೀಸಿನಲ್ಲಿ ಆ ಪದವಿಗೆ ಚುನಾಯಿತರಾದ ಮೊದಲ ಯಹೂದಿ ಅವರು. ಹೋದವರು ಇದರಿಂದ ಮರಳರು. ಆದರೂ ಊರು ತನ್ನವರು ಯಾರೆಂಬುದನ್ನು ಅರಿತುಕೊಂಡಿತೆಂಬುದು ಸಣ್ಣ ಮಾತಲ್ಲ.

ಭಾಷೆಯು ಒಂದು ಊರನ್ನು ಐದು ಶತಮಾನ ಉಳಿಸಬಲ್ಲದು. ಆ ಭಾಷೆಯನ್ನಾಡುವ ನೆರೆಯವನನ್ನು ಉಳಿಸಿಕೊಳ್ಳುವದು ಮಾತ್ರ ಊರವರ ಕೈಯಲ್ಲಿಯೇ ಇರುವ ಕೆಲಸ. ಮಕ್ಕಳಿಗೆ ಚರಿತ್ರೆಯನ್ನು ಕಲಿಸುವ ನಮ್ಮ ಉಪಾಧ್ಯಾಯ ಬಂಧುಗಳು ಇವೆರಡನ್ನೂ ಒಟ್ಟಿಗೆ ಹೇಳಬೇಕೆಂದು ನಾವು ಬಿನ್ನವಿಸುತ್ತೇವೆ.