ಮೆದುಳಿನ ಗೊರಗೊರ ಮತ್ತು ನಮ್ಮ ಅವಸರ

"ಮೆದುಳು ಅಂದ್ರೆ ಪೂರ್ತಿ ಕೇಯಾಸ್ ಅಂತೆ ಮಾರಾಯ್ರೆ!" ಅಂತ ಯಾರಾದ್ರೂ ಅಂದಾಗ ನನ್ನ ಹಳೇ ಪ್ರಾಜೆಕ್ಟ್ ನೆನಪಾಗಿ ಕಿವಿ ಬಿಸಿಯಾಗುತ್ತೆ.

ಕೇಯಾಸ್ ಅಂದ್ರೆ ಬರೀ ಗೊಂದಲ ಅಲ್ಲ. ಕ್ಯಾಲ್ಕುಲೇಟರ್ ತಗೊಳ್ಳಿ. 0.3 ಒತ್ತಿ. 1ರಿಂದ ಅದನ್ನು ಕಳೆದರೆ 0.7. ಎರಡನ್ನೂ ಗುಣಿಸಿ, 4ರಿಂದ ಮತ್ತೆ ಗುಣಿಸಿದ್ರೆ 0.84. ಅದಕ್ಕೂ ಹಾಗೇ ಮಾಡಿ, 0.5376. ಹೀಗೇ ಹೋದರೆ ಲಾಟರಿ ನಂಬರಿನ ಹಾಗೆ ಕಾಣ್ತವೆ, ಆದ್ರೆ ಒಂದೂ ಆಕಸ್ಮಿಕ ಅಲ್ಲ. ಆವರ್ತನಗಳನ್ನು ಬಿಡಿಸಿ ನೋಡಿದ್ರೆ ಸ್ಟೇಷನ್ ಸಿಗದ ರೇಡಿಯೋದ ಗೊರಗೊರಕ್ಕೂ ಇದಕ್ಕೂ ವ್ಯತ್ಯಾಸ ಕಾಣೋದಿಲ್ಲ. ಪ್ರತಿ ಅಂಕಿಯ ಎದುರು ಅದರ ಮುಂದಿನದನ್ನು ಗ್ರಾಫಿನಲ್ಲಿ ಹಾಕಿ ನೋಡಿ, ಅಂದವಾದ ಕಮಾನು ಮೂಡುತ್ತೆ! ಗೊರಗೊರದಲ್ಲಿ ಬರೀ ಚೆಲ್ಲಿದ ಸಾಸಿವೆ.

ಮೆದುಳು ಇಷ್ಟು ಸುಲಭಕ್ಕೆ ಬಗ್ಗೋದಿಲ್ಲ. ಕಣ್ಣು ಮಿಟುಕಿಸಿದ್ರೂ ಇಇಜಿ ಗೆರೆ ಕುಣಿಯುತ್ತೆ. 1983ರಲ್ಲಿ ಗ್ರಾಸ್‌ಬರ್ಗರ್ ಮತ್ತು ಪ್ರೊಕಾಚಿಯಾ ಕೋರಿಲೇಶನ್ ಡೈಮೆನ್ಶನ್ ಲೆಕ್ಕ ಹಾಕೋ ದಾರಿ ತೋರಿಸಿದ್ರು. 1985ರಲ್ಲಿ ಬಾಬ್ಲೊಯಾಂಟ್ಸ್ ಮತ್ತು ಜೊತೆಗಾರರು ನಿದ್ದೆಯ ಇಇಜಿಯಲ್ಲಿ ಕೇಯಾಸ್ ಕಂಡೆವು ಅಂದ್ರು. ಆಮೇಲೆ ಕೇಳ್ಬೇಕಾ, ಎಲ್ರಿಗೂ ಎಲ್ಲೆಲ್ಲೂ ಕೇಯಾಸೇ! 1989ರಲ್ಲಿ ಆಸ್ಬೋರ್ನ್ ಮತ್ತು ಪ್ರೊವೆಂಜಾಲೆ, ನಿಧಾನವಾಗಿ ತೂಗಾಡುವ ಒಂದು ಬಗೆಯ ಬರೀ ಗದ್ದಲವೂ ಇದೇ ತರದ ಉತ್ತರ ಕೊಡುತ್ತೆ ಅಂತ ತೋರಿಸಿಬಿಟ್ಟರು.

ನಾನೂ ಹೀಗೇ ಬಿದ್ದವನು. ನನ್ನ ಉತ್ತರ ಐದರ ಆಸುಪಾಸು ಬಂದಾಗ ಹಾಸ್ಟೆಲ್‌ನಲ್ಲೆಲ್ಲ ಚಹಾ ಕುಡಿಸಿದ್ದೆ. "ಸರೊಗೇಟ್ ಮಾಡಿದ್ಯೇನಯ್ಯಾ?" ಅಂದ್ರು ಮೇಷ್ಟ್ರು. 1992ರಲ್ಲಿ ಥೈಲರ್ ಬಳಗ ಹೇಳಿಕೊಟ್ಟ ಉಪಾಯ ಅದು: ಪ್ರತಿ ಆವರ್ತನದ ಬಲ ಹಾಗೇ ಇಟ್ಟು, ಅವುಗಳ ಫೇಸ್ ಮಾತ್ರ ಕಲಸಿಬಿಡೋದು. ಕಲಸಿದ್ದಕ್ಕೂ ಐದರ ಆಸುಪಾಸೇ ಬಂತು. ಚಹಾ ದುಡ್ಡು ಹೋಯ್ತು.

ರಾಪ್ ಅವರ ದೊಡ್ಡತನ ನೋಡಿ. 1996ರಲ್ಲಿ ಥೈಲರ್ ಜೊತೆ ಕೂತು ತಮ್ಮದೇ ಹಳೇ ಇಇಜಿ ಲೆಕ್ಕ ಮತ್ತೆ ತೆಗೆದು, ಆ ಕಡಿಮೆ ಡೈಮೆನ್ಶನ್ ನಮ್ಮ ವಿಧಾನದ ದೋಷ ಅಂತ ಒಪ್ಪಿಕೊಂಡ್ರು.

ಹಾಗಂತ ಸರೊಗೇಟ್ ದಾಟಿದ್ದೆಲ್ಲ ಕೇಯಾಸ್ ಅಲ್ಲ. ಫಿಟ್ಸ್ ಬಂದಾಗಿನ ಇಇಜಿ ಈ ಪರೀಕ್ಷೆ ಚೆನ್ನಾಗೇ ದಾಟುತ್ತೆ, ಆದ್ರೆ ಅದು ಹೇಳೋದು "ಇದು ಬರೀ ಸರಳ ಗದ್ದಲ ಅಲ್ಲ" ಅಂತ ಮಾತ್ರ. ನನ್ನ ಚಿಕ್ಕಮ್ಮನ ಮಗನಿಗೆ ಫಿಟ್ಸ್ ಇದೆ. ಮುಂಚೆನೇ ಎಚ್ಚರಿಸೋ ಯಂತ್ರ ಬರುತ್ತಂತೆ ಅಂತ ಚಿಕ್ಕಮ್ಮ ಪೇಪರ್ ಕಟಿಂಗ್ ಇಟ್ಟುಕೊಂಡಿದ್ರು. 1990ರ ದಶಕದ ಆ ಭರವಸೆಗಳಲ್ಲಿ ಹಲವು, 2000ದ ನಂತರ ದಿನಗಟ್ಟಲೆಯ ದಾಖಲೆಗಳ ಮೇಲೆ ಪರೀಕ್ಷಿಸಿದಾಗ ನಿಲ್ಲಲಿಲ್ಲ. ಸರೊಗೇಟ್ ಇಲ್ಲದ ಲೆಕ್ಕ ನೋಡಿದ್ರೆ ನನಗೆ ಸಿಟ್ಟು ಬರೋದು ಅದಕ್ಕೇ.

ಆ ಕಟಿಂಗ್ ಚಿಕ್ಕಮ್ಮನ ಹತ್ರ ಇನ್ನೂ ಇದೆ. ಎಸೀರಿ ಅನ್ನೋಕೆ ನನಗೆ ಬಾಯಿ ಬಂದಿಲ್ಲ.