ಮಣ್ಣು-ನೀರಿನ ಪಾಠಕ್ಕೆ ಪ್ರದರ್ಶನ ವಾಹನ ಬೇಕೇ?

ಪರ: ಹೊಲದಲ್ಲಿ ಕಾಣದ್ದು ಇಲ್ಲಿ ಕಾಣುತ್ತದೆ

ವಾಹನದಲ್ಲಿ ಎರಡು ಇಳಿಜಾರು ತಟ್ಟೆಗಳು. ಒಂದರಲ್ಲಿ ಬೋಳು ಮಣ್ಣು, ಇನ್ನೊಂದರಲ್ಲಿ ಅದೇ ಮಣ್ಣಿಗೆ ಹುಲ್ಲಿನ ಹೊದಿಕೆ. ಎರಡಕ್ಕೂ ಒಂದೇ ಅಳತೆಯ ನೀರು ಚಿಮುಕಿಸುತ್ತಾರೆ. ಮೊದಲ ತಟ್ಟೆಯ ಕೆಳಗಿಟ್ಟ ಸೀಸೆಗೆ ಆಗಲೇ ಕೆಂಪು ರಾಡಿ ಇಳಿದಿರುತ್ತದೆ. ಎರಡನೆಯದಕ್ಕೆ ತಡವಾಗಿ, ಸ್ವಲ್ಪವೇ, ಬಹುಮಟ್ಟಿಗೆ ತಿಳಿನೀರು. ಭಾಷಣವೇ ಬೇಕಿಲ್ಲ. ಹೊಲದಲ್ಲೂ ನಡೆಯುವುದು ಇದೇ, ಆದರೆ ಮಳೆ ಬಿರುಸಾಗಿ ಹೊಡೆಯುವಾಗ ಅಲ್ಲಿ ನಿಂತು ನೋಡುವವರು ಯಾರು?

ಲೆಕ್ಕವೂ ಹಾಗೆಯೇ ಕಣ್ಣೆದುರು ಬರಬೇಕು. ಒಂದು ಎಕರೆಗೆ 25 ಮಿಲಿಮೀಟರ್ ಮಳೆ ಬಿತ್ತೆಂದರೆ ಸುಮಾರು 1 ಲಕ್ಷ ಲೀಟರ್ ನೀರು. 5,000 ಲೀಟರಿನ ಟ್ಯಾಂಕರ್ 20 ಸಲ ಬಂದು ಸುರಿದಂತೆ! ಬೇಸಿಗೆಯಲ್ಲಿ ಕೊಡ ಹಿಡಿದು ಟ್ಯಾಂಕರ್ ಕಾದವರಿಗೆ ಇದು ತಟ್ಟನೆ ನಾಟುತ್ತದೆ.

ಧಾರವಾಡದ ಕೃಷಿಮೇಳಕ್ಕೆ ಹೋಗಿಬರಬೇಕಾದರೆ ಒಂದು ದಿನದ ಕೂಲಿಯೂ ಹೋಯಿತು, ಬಸ್ಸಿನ ದುಡ್ಡೂ ಹೋಯಿತು. ಕಳೆ ತೆಗೆದು, ದನಕ್ಕೆ ಮೇವು ಹಾಕಿ, ಒಲೆ ಹಚ್ಚುವ ಹೆಣ್ಣುಮಗಳಿಗೆ ಆ ಬಿಡುವೆಲ್ಲಿ? ವಾಹನ ಊರ ಕಟ್ಟೆಯ ಹತ್ತಿರ ಬಂದು ನಿಂತರೆ ಅವಳೂ ನೋಡುತ್ತಾಳೆ, ಶಾಲೆ ಬಿಟ್ಟ ಮಕ್ಕಳೂ ನೋಡುತ್ತಾರೆ. ಅವರೂ ನೋಡಬೇಕು, ಏಕೆಂದರೆ ಮಣ್ಣು ತಡೆಯಲು ಬದು ಹಾಕಿದರೆ ಒಂದಷ್ಟು ಬಿತ್ತುವ ಜಾಗ ಕಳೆಯುತ್ತದೆ. ಆ ನಷ್ಟಕ್ಕೆ ಒಪ್ಪಬೇಕಾದವರು ಮನೆಮಂದಿಯೆಲ್ಲ.

ವಿರೋಧ: ತಟ್ಟೆಯಲ್ಲಿರುವುದು ಯಾವ ಊರಿನ ಮಣ್ಣು?

ಕೆಂಪು ಮಸಾರಿ ಹೊಲದಲ್ಲಿ ನಿಲ್ಲುವ ಬದು ಕಪ್ಪು ಎರೆಹೊಲದಲ್ಲಿ ನಿಲ್ಲದು. ಬೇಸಿಗೆಯಲ್ಲಿ ಎರೆ ಬಿರಿದಂತೆ ಬದುವೂ ಬಿರಿಯುತ್ತದೆ. ಮಳೆಗಾಲದಲ್ಲಿ ಕಟ್ಟಿನಿಂತ ನೀರು ಆ ಬಿರುಕು ಹಿಡಿದೇ ಬದುವನ್ನು ಕಿತ್ತೊಯ್ಯುತ್ತದೆ. ಅದಕ್ಕೇ ವಿಜಯಪುರದ ಕಡೆ ಹಿಂಗಾರಿ ಬಿತ್ತನೆಗೆ ಮುಂಚೆ ಹೊಲವನ್ನು ಚೌಕು ಮಡಿಗಳಾಗಿ ಮಾಡಿ, ಬಿದ್ದ ನೀರನ್ನು ಬಿದ್ದಲ್ಲೇ ಇಂಗಿಸುತ್ತಾರೆ. ಊರೂರು ತಿರುಗುವ ಒಂದೇ ಮಾದರಿ ಇದನ್ನು ಹೇಗೆ ಕಲಿಸೀತು?

ರೈತನಿಗೆ ಗೊತ್ತಿಲ್ಲ ಎಂಬ ನಂಬಿಕೆಯೇ ನನಗೆ ನೋವು ತರುವಂಥದ್ದು. ಮಣ್ಣು ಹಿಡಿಯಲು ಲಾವಂಚ ನೆಡಿ ಎಂದು ವಿಶ್ವಬ್ಯಾಂಕಿನ ತಜ್ಞರು 1980ರ ದಶಕದಲ್ಲಿ ಸಾರುವುದಕ್ಕೆ ಎಷ್ಟೋ ಮುಂಚೆ ಗುಂಡ್ಲುಪೇಟೆಯ ರೈತರ ಬದುಗಳ ಮೇಲೆ ಲಾವಂಚ ಬೇರೂರಿತ್ತು. ತೊಡಕು ಬೇರೆಡೆ ಇದೆ. ವರ್ಷದ ಗುತ್ತಿಗೆಗೆ ಹೊಲ ಮಾಡುವವನು ಇನ್ನೊಬ್ಬರ ನೆಲಕ್ಕೆ ಬದು ಹಾಕಿಸಲು ಸಾಲ ಮಾಡುತ್ತಾನೆಯೇ? ಮೇಲಿನ ಹೊಲದವನು ಕೋಡಿಯನ್ನು ಎತ್ತ ತಿರುಗಿಸಿದ ಎಂಬ ಜಗಳ ಸೀಸೆ ತೋರಿಸಿದರೆ ಬಗೆಹರಿಯುತ್ತದೆಯೇ?

ಇಂಥ ವಾಹನಗಳನ್ನು ಊರೂರಿಗೆ ಕಳಿಸಿದ ಕೇಂದ್ರ ಸರ್ಕಾರದ ಜಲಾನಯನ ಯಾತ್ರೆ ಹೊರಟದ್ದು 2025ರ ಫೆಬ್ರುವರಿಯಲ್ಲಿ. ಬದು ಹಾಕಲು ಅದು ತಕ್ಕ ಕಾಲವೇ, ಒಪ್ಪುತ್ತೇನೆ. ಆದರೆ ಬದು ಒಡೆಯುವುದು ಮಳೆಗಾಲದಲ್ಲಿ. ಅಷ್ಟರಲ್ಲಿ ವಾಹನ ಎಷ್ಟೋ ಊರು ದಾಟಿರುತ್ತದೆ. ವಾಹನಕ್ಕೆ ಹಾಕುವ ದುಡ್ಡಿನಲ್ಲೇ ಊರಿನದೇ ಒಂದು ಇಳಿಜಾರು ಹೊಲಕ್ಕೆ ಸರಿಯಾಗಿ ಬದು ಹಾಕಿಸಿ, ಕೋಡಿಗೆ ಕಲ್ಲು ಕೂರಿಸಲಿ. ಮೊದಲ ದೊಡ್ಡ ಮಳೆಯ ಮರುದಿನ ಅಲ್ಲಿಗೆ ಬಂದು, ಎಲ್ಲಿ ಒಡೆದಿದೆ, ಏಕೆ ಒಡೆದಿದೆ ಎಂದು ರೈತನ ಜೊತೆ ಕೆಸರಿನಲ್ಲೇ ನಡೆದು ನೋಡುವ ಒಬ್ಬ ಮನುಷ್ಯನನ್ನು ಕಳಿಸಲಿ.