ಹರಕೆಯಿಲ್ಲದ ಏಳು ದಿನ



ಹಡಗಲಿಯಿಂದ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. ಮದುವೆಯಾಗಿ ಹದಿನೆಂಟು ವರ್ಷ. ಮೈಲಾರ, ಕೊಟ್ಟೂರು, ಉಜ್ಜಿನಿ, ಒಂದು ಸಲ ಧರ್ಮಸ್ಥಳ, ಆಮೇಲೆ ತವರಿನಲ್ಲಿ ಎರಡು ಬಾಣಂತನ. ಆಕೆ ಮನೆ ಬಿಟ್ಟು ಹೊರಟದ್ದು ಇಷ್ಟೇ. ಈ ಸಲ ಯಜಮಾನರು ತಾವಾಗಿಯೇ, ಒಂದು ವಾರ ಎಲ್ಲಾದರೂ ಹೋಗಿ ಬರೋಣ ಅಂದಿದ್ದಾರೆ. ಅವರಿಗೆ ಹಳೆಯ ರಾಜಧಾನಿ, ಗುಡಿ, ಕೋಟೆ ಬೇಕು. ಮಕ್ಕಳಿಗೆ ಹುಲಿ ಸಫಾರಿ ಬೇಕು. ಆಕೆಗೆ ಸಮುದ್ರದ ನಡುವೆ ಇರುವ ದ್ವೀಪವೊಂದನ್ನು ಕಣ್ಣಾರೆ ನೋಡುವ ಆಸೆ. ಆದರೆ ಅತ್ತೆಯವರು, "ಯಾವ ದೇವ್ರಿಗೆ ಹರಕಿ ಐತವಾ?" ಅಂತ ಕೇಳಿದರಂತೆ. ಆಕೆ ಏನೂ ಹೇಳಲಾರದೆ ಒಳಗೆ ಹೋಗಿ ರೊಟ್ಟಿ ತಟ್ಟಲು ಕೂತರಂತೆ.

ಅತ್ತೆಯವರದು ತಪ್ಪಲ್ಲ ಬಿಡಿ. ನಮ್ಮ ಕಡೆ ಹೆಂಗಸು ಹೊಸ್ತಿಲು ದಾಟಬೇಕಾದರೆ ಹರಕೆ, ಮದುವೆ, ಬಾಣಂತನ, ಸಾವು ಈ ನಾಲ್ಕರಲ್ಲೊಂದು ನೆವ ಇರಲೇಬೇಕು. ಸುಮ್ಮನೆ ನೋಡಲಿಕ್ಕೆ ಹೋಗುತ್ತೇನೆ ಎಂದರೆ ಏನೋ ತಪ್ಪು ಮಾಡಿದ ಹಾಗೆ. ಹಾಗಂತ ಈಗ ಸುಳ್ಳು ಹರಕೆ ಹೇಳಿದಿರೋ, ಮುಂದಿನ ಸಲಕ್ಕೆ ಇನ್ನೊಂದು ಹರಕೆ ಹುಡುಕಬೇಕಾಗುತ್ತದೆ. "ಹರಕೆ ಇಲ್ಲ ಅತ್ತೆ, ನೋಡಲಿಕ್ಕೆ ಹೊರಟೀವಿ, ನೀವೂ ಬರ್ರಿ" ಎಂದು ನೇರವಾಗಿ ಹೇಳಿ. ಅವರೂ ಸಮುದ್ರ ನೋಡಿರಲಾರರು.

ಇನ್ನು ಎಲ್ಲಿಗೆ ಹೋಗಬೇಕು ಎಂಬ ಮಾತು. ಕಾಗದದ ಜೊತೆ ಒಂದು ಜಾಹೀರಾತೂ ಇದೆ. ಜೈಪುರದ ಅರಮನೆ, ರಣಥಂಬೋರಿನ ಹುಲಿ, ಅಂಡಮಾನಿನ ದ್ವೀಪ, ಎಲ್ಲಾ ಒಂದೇ ವಾರದಲ್ಲಿ! ಭೂಪಟ ತೆಗೆದು ನೋಡಿ. ಒಂದು ದೇಶದ ಪಡುವಣ ಮೂಲೆ, ಇನ್ನೊಂದು ಬಂಗಾಳ ಕೊಲ್ಲಿಯ ನಡುವೆ. ಚೆನ್ನೈನಿಂದ ಅಂಡಮಾನಿಗೆ ಹಡಗಿನಲ್ಲಿ ಹೋದರೆ ಸುಮಾರು ಮೂರು ದಿನ ನೀರಿನ ಮೇಲೇ ಕಳೆಯುತ್ತದೆ. ವಿಮಾನವೆಂದರೆ ಮನೆಮಂದಿಗೆಲ್ಲ ಟಿಕೆಟ್ಟು ಕೊಳ್ಳುವಷ್ಟರಲ್ಲಿ ಮಗಳ ಮದುವೆಗೆ ಕೂಡಿಟ್ಟ ಗಂಟು ಕರಗುತ್ತದೆ. ಕೊನೆಗೆ ನೋಡಿದ್ದಕ್ಕಿಂತ ನಿಲ್ದಾಣಗಳಲ್ಲಿ ಕಾದದ್ದೇ ಹೆಚ್ಚಾಗುತ್ತದೆ. ಈ ಮೂರೂ ನಮ್ಮ ರಾಜ್ಯದೊಳಗೇ, ಹರಿಹರದಿಂದ ಮಲ್ಪೆಯವರೆಗಿನ ಒಂದೇ ದಾರಿಯಲ್ಲಿ ಇವೆ.

ಹಂಪಿಯನ್ನು ಈ ಏಳು ದಿನದಲ್ಲಿ ಬೇಕೆಂದೇ ಸೇರಿಸಿಲ್ಲ. 1986ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ ನಮಗೆ ಹಿತ್ತಲಿದ್ದಂತೆ, ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಹಾಗೆಯೇ ಹೊರಡುವ ಮುಂಚೆ ಒಂದು ಭಾನುವಾರ ತಾಲೀಮು ಮಾಡಿ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಗೋ, ಹಗರಿಬೊಮ್ಮನಹಳ್ಳಿ ಪಕ್ಕದ ಅಂಕಸಮುದ್ರದ ಕೆರೆಗೋ ಹೋಗಿ ಬನ್ನಿ. ಮುಳುಗಿದ ಜಾಲಿ ಗಿಡಗಳ ಮೇಲೆ ಹಕ್ಕಿಗಳು ಗೂಡು ಕಟ್ಟುವ ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಂದರೆ ಜಗತ್ತೇ ಕಾಪಾಡಬೇಕಾದ ನೀರಿನ ತಾಣ ಎಂಬ ಗೌರವ. ಮಕ್ಕಳು ಎಷ್ಟು ಹೊತ್ತಿಗೆ ಹಸಿವು ಎನ್ನುತ್ತಾರೆ, ಯಾರಿಗೆ ಬಸ್ಸಿನಲ್ಲಿ ವಾಂತಿ, ಅತ್ತೆಯವರ ಮೊಣಕಾಲು ಎಷ್ಟು ಮೆಟ್ಟಿಲು ತಡೆಯುತ್ತದೆ, ಎಲ್ಲಾ ಆ ಒಂದು ದಿನದಲ್ಲೇ ಗೊತ್ತಾಗುತ್ತದೆ.

ಯಾವಾಗ ಹೋಗಬೇಕು? ಇದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಮಳೆಗಾಲದಲ್ಲಿ ಮಲ್ಪೆಯಿಂದ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಮಳೆ ನಿಂತಿತು ಅನ್ನುವಷ್ಟರಲ್ಲಿ ನಮ್ಮಲ್ಲಿ ಮೆಕ್ಕೆಜೋಳದ ಸುಗ್ಗಿ, ಯಾವ ಒಕ್ಕಲಿಗನೂ ಆಗ ಮನೆ ಬಿಡಲಾರ. ಫೆಬ್ರುವರಿ ಬಂತೆಂದರೆ ಮೈಲಾರದ ಕಾರ್ಣಿಕ, ಕೊಟ್ಟೂರಿನ ತೇರು, ಮನೆ ತುಂಬ ನೆಂಟರು. ಉಳಿದದ್ದು ಡಿಸೆಂಬರ್, ಜನವರಿಯ ಮೊದಲರ್ಧ. ಶಾಲೆ ನಾಲ್ಕು ದಿನ ತಪ್ಪಿದರೆ ತಪ್ಪಲಿ, ಹತ್ತನೇ ತರಗತಿಯ ಮಗು ಇದ್ದರೆ ಮಾತ್ರ ಯೋಚಿಸಿ. ಇನ್ನೊಂದು ಮಾತು, ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ ನಡೆಯುತ್ತದೆ. 2024, 2026 ಹೀಗೆ ಸರಿಸಂಖ್ಯೆಯ ವರ್ಷಗಳಲ್ಲಿ. ಆ ದಿನಗಳ ಆಸುಪಾಸಿನಲ್ಲಿ ಹೋದರೆ ಕೋಣೆ ಸಿಕ್ಕುವುದು ಕಷ್ಟ.

ದಿನ ಗೊತ್ತುಮಾಡುವಾಗ ನಿಮ್ಮ ತಿಂಗಳ ಲೆಕ್ಕವನ್ನೂ ನೋಡಿಕೊಳ್ಳಿ, ಸಂಕೋಚ ಬೇಡ. ದಿನ ಮುಂದೂಡಲು ಅಂಗಡಿಯಿಂದ ತಾವೇ ಗುಳಿಗೆ ತಂದು ನುಂಗುವವರು ನಮ್ಮಲ್ಲಿ ಬಹಳ. ಡಾಕ್ಟರರನ್ನು ಕೇಳದೆ ಅದನ್ನು ಮಾಡಲೇಬೇಡಿ. ಆನೆಯೂ ಸಮುದ್ರವೂ ಮಡಿ ಮೈಲಿಗೆ ಕೇಳುವುದಿಲ್ಲ. ಬೇಕಾದ್ದನ್ನು ಚೀಲದಲ್ಲಿಟ್ಟುಕೊಂಡು ಹೊರಟರಾಯಿತು.

ಮೊದಲನೆ ದಿನ ಹರಿಹರಕ್ಕೆ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮಾರ್ಗವಾಗಿ ಹರಿಹರಕ್ಕೆ 2019ರಲ್ಲಿ ಪ್ಯಾಸೆಂಜರ್ ರೈಲು ಶುರುವಾಯಿತು. ಅದರ ವೇಳೆಯನ್ನು ಸ್ಟೇಷನ್ನಿನಲ್ಲಿ ಕೇಳಿ, ನಿಮಗೆ ಹೊಂದದಿದ್ದರೆ ಬಸ್ಸು ಇದ್ದೇ ಇದೆ. ಕೂಡ್ಲಿಗಿಯವರು ಕೊಟ್ಟೂರಿಗೆ, ಹಡಗಲಿಯವರು ಹರಪನಹಳ್ಳಿಗೆ ಬಂದು ಮುಂದೆ ಹೋಗಬಹುದು. ಹರಿಹರೇಶ್ವರ ಗುಡಿಯನ್ನು 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಮೂರ್ತಿಯ ಅರ್ಧ ಹರ, ಅರ್ಧ ಹರಿ. ಮಂಟಪದ ಕಂಬಗಳು ಬಡಗಿ ತಿರುಗಣಿಯಲ್ಲಿ ಕಡೆದ ತೊಟ್ಟಿಲ ಕಾಲಿನಂತೆ ನುಣ್ಣಗಿವೆ. ಊಟ ಮಾಡಿ ಹೊನ್ನಾಳಿ ಮಾರ್ಗವಾಗಿ ಶಿವಮೊಗ್ಗ ಸೇರಿ, ಅಲ್ಲೇ ಎರಡು ರಾತ್ರಿ.

ಎರಡನೆಯ ದಿನ ಮಂಗಳವಾರ ಆಗದಂತೆ ನೋಡಿಕೊಳ್ಳಿ. ಸಾಗರದ ರಸ್ತೆಯಲ್ಲಿರುವ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮಕ್ಕೆ ಅಂದು ರಜ. ಬೆಳಿಗ್ಗೆ ಮೊದಲು ತೀರ್ಥಹಳ್ಳಿ ರಸ್ತೆಯ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ. ಕಾಡಿನಿಂದ ಬಂದ ಆನೆಗಳನ್ನು ಮಾವುತರು ತುಂಗೆಯ ಹಿನ್ನೀರಿನಲ್ಲಿ ಮಲಗಿಸಿ, ನಾವು ಎಮ್ಮೆ ಮೈ ತಿಕ್ಕುವ ಹಾಗೆ ತಿಕ್ಕುತ್ತಾರೆ. ತಡಮಾಡಿದರೆ ಇದು ಕಾಣುವುದಿಲ್ಲ, ಬಿಸಿಲೇರಿದ ಮೇಲೆ ಆನೆಗಳು ಮತ್ತೆ ಕಾಡಿಗೆ. ಮಧ್ಯಾಹ್ನ ತ್ಯಾವರೆಕೊಪ್ಪ. ಇಲ್ಲಿ ಮಕ್ಕಳಿಗೆ ನಿಜ ಹೇಳಿ. ಇದು ಬೇಲಿ ಹಾಕಿದ ಕಾಡು, ಜಾಳಿಗೆ ಹಾಕಿದ ವಾಹನದಲ್ಲಿ ನಮ್ಮನ್ನು ಒಳಗೆ ಕರೆದೊಯ್ಯುತ್ತಾರೆ, ಹುಲಿ ಕಾಣುವುದು ಹೆಚ್ಚುಕಡಿಮೆ ಖಾತ್ರಿ. ಭದ್ರಾದಂಥ ನಿಜವಾದ ಹುಲಿ ಕಾಡಿನಲ್ಲಿ ದಿನವಿಡೀ ಅಲೆದರೂ ಬರೀ ಹೆಜ್ಜೆ ಗುರುತು ಕಂಡು ಬರಬೇಕಾದೀತು. ಚಿಕ್ಕ ಮಕ್ಕಳು, ಮುದುಕರು ಜೊತೆಗಿದ್ದರೆ ತ್ಯಾವರೆಕೊಪ್ಪವೇ ಸರಿ ಅಂತ ನನ್ನ ಅಭಿಪ್ರಾಯ. ಕರಡಿ ಬೇಕು ಎಂದು ಮಕ್ಕಳು ಹಟ ಮಾಡಿದರೆ ನಮ್ಮ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕಾಡೇ ಕರಡಿಧಾಮ. ಕಮಲಾಪುರದ ಹತ್ತಿರದ ದರೋಜಿಯಲ್ಲಿ ಸಂಜೆ ಹೊತ್ತು ಗೋಪುರದ ಮೇಲಿಂದ ಕರಡಿ ಇಳಿದು ಬರುವುದನ್ನೇ ನೋಡಬಹುದು.

ಮೂರನೆಯ ದಿನ ಸಾಗರ. ಅಲ್ಲಿಂದ ಇಕ್ಕೇರಿಗೂ ಕೆಳದಿಗೂ ಆಟೋದಲ್ಲಿ ಹೋಗಬಹುದು. ಯಜಮಾನರು ಬಯಸಿದ ಹಳೆಯ ರಾಜಧಾನಿಗಳು ಇವೇ. ಕೆಳದಿಯ ನಾಯಕರು ವಿಜಯನಗರದ ಅರಸರ ಸಾಮಂತರಾಗಿ ಬೆಳೆದವರು. ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು, ಹೀಗೆ ರಾಜಧಾನಿ ಬದಲಾಯಿಸಿದರು. ಇಕ್ಕೇರಿಯ ಅಘೋರೇಶ್ವರ ಗುಡಿಯ ಮುಂದಿನ ನಂದಿಯನ್ನು ಸುತ್ತು ಹಾಕಿ ನೋಡಿ. ಕೆಳದಿಯ ರಾಮೇಶ್ವರ ಗುಡಿಯಲ್ಲಿ ಗಂಡಭೇರುಂಡದ ಕೆತ್ತನೆ ಇದೆ.

ಇಲ್ಲಿ ನಿಮ್ಮ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಒಬ್ಬಾಕೆಯ ಕಥೆ ಹೇಳಿ. ಗಂಡ ಸೋಮಶೇಖರ ನಾಯಕ ತೀರಿಕೊಂಡಾಗ ಮನೆಯೊಳಗಿನವರೂ ಹೊರಗಿನವರೂ ರಾಜ್ಯ ಹರಿದು ಹಂಚಿಕೊಳ್ಳಲು ಕಾದಿದ್ದರು. ಚೆನ್ನಮ್ಮ 1672ರ ಸುಮಾರಿಗೆ ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷ ಆಳಿದಳು. ಔರಂಗಜೇಬನಿಗೆ ಹೆದರಿ ಯಾರೂ ನೆಲೆ ಕೊಡದಿದ್ದ ಹೊತ್ತಿನಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು, ಬೆನ್ನಟ್ಟಿ ಬಂದ ಮೊಗಲರ ಸೈನ್ಯವನ್ನು ಎದುರಿಸಿದಳು. ಆಕೆ ಯಾರ ಅಪ್ಪಣೆಗೂ ಕಾಯಲಿಲ್ಲ.

ನಾಲ್ಕನೆಯ ದಿನ ಪ್ರಯಾಣವೇ ಹೆಚ್ಚು. ಸಾಗರದಿಂದ ಜೋಗ, ಅಲ್ಲಿಂದ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ, ಕರಾವಳಿ ಗುಂಟ ಉಡುಪಿ. ಚಳಿಗಾಲದ ಜೋಗದಲ್ಲಿ ನೀರು ಕಡಿಮೆ, ಬಹಳ ಆಸೆ ಇಟ್ಟುಕೊಳ್ಳಬೇಡಿ. ಘಟ್ಟದಲ್ಲಿ ಹೊಟ್ಟೆ ತೊಳಸುವವರಿಗೆ ಬೆಳಿಗ್ಗೆ ಎಣ್ಣೆ ತಿಂಡಿ ಕೊಡದೆ, ನಿಂಬೆಹಣ್ಣು, ಒಣಶುಂಠಿ ಕೈಯಲ್ಲಿ ಕೊಡಿ, ಮುಂದಿನ ಸೀಟಿನಲ್ಲಿ ಕೂರಿಸಿ. ಬಚ್ಚಲಿಗೆ ಹೋಗಬೇಕಾದೀತೆಂದು ನೀರೇ ಕುಡಿಯದೆ ಕೂರುವ ಚಾಳಿ ನಮ್ಮದು. ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕಂಡಕ್ಟರನ್ನು ಹತ್ತುವಾಗಲೇ ಕೇಳಿಟ್ಟುಕೊಳ್ಳಿ, ನೀರು ಕುಡಿಯಿರಿ.

ಐದನೆಯ ದಿನ ದ್ವೀಪ. ಉಡುಪಿಯ ಪಕ್ಕದ ಮಲ್ಪೆಯಿಂದ ದೋಣಿ. ಸೇಂಟ್ ಮೇರೀಸ್ ಎಂದು ಹೆಸರು, ನಾಲ್ಕು ದ್ವೀಪಗಳ ಗುಂಪು. 1498ರಲ್ಲಿ ಭಾರತಕ್ಕೆ ಬಂದ ವಾಸ್ಕೋ ಡ ಗಾಮ ಇಲ್ಲಿ ಇಳಿದು ಆ ಹೆಸರಿಟ್ಟ ಎಂಬ ಪ್ರತೀತಿ. ತೆಂಗಿನ ಮರಗಳ ಕೆಳಗೆ ಕಪ್ಪು ಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿವೆ, ಯಾರೋ ಉಳಿಯಿಂದ ಆರು ಮುಖ ಕೆತ್ತಿದ ಹಾಗೆ. ಯಾರೂ ಕೆತ್ತಿದ್ದಲ್ಲ. ಬೇಸಿಗೆಯಲ್ಲಿ ನಮ್ಮ ಎರೆ ಹೊಲ ಒಣಗಿ ಬಿರುಕು ಬಿಡುವುದನ್ನು ನೋಡಿದ್ದೀರಲ್ಲ, ಹಾಗೆಯೇ ಭೂಮಿಯೊಳಗಿಂದ ಉಕ್ಕಿದ ಬೆಂಕಿರಸ ತಣ್ಣಗಾಗುತ್ತಾ ಕುಗ್ಗಿ ಬಿರಿದದ್ದು ಇದು. ಸುಮಾರು 8.8 ಕೋಟಿ ವರ್ಷದ ಹಿಂದಿನ ಮಾತು, ಮಡಗಾಸ್ಕರ್ ಆಗಿನ್ನೂ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲ. ದೋಣಿಯಲ್ಲಿ ಲೈಫ್ ಜಾಕೆಟ್ ಕೇಳಿ ಹಾಕಿಸಿಕೊಳ್ಳಿ, ಸೀರೆಯ ಮೇಲೆ ಚೆನ್ನಾಗಿ ಕಾಣುವುದಿಲ್ಲ ಅಂತ ಬಿಡಬೇಡಿ. ಕಲ್ಲು ಚೂಪು, ಪಾಚಿ ಜಾರುತ್ತದೆ, ಅಲೆ ಹೊಡೆಯುವ ಅಂಚಿಗೆ ಮಕ್ಕಳನ್ನು ಬಿಡಬೇಡಿ. ರಾತ್ರಿ ಉಳಿಯುವಂತಿಲ್ಲ. ಹೇಳಿದ ಹೊತ್ತಿಗೆ ದೋಣಿಯ ಹತ್ತಿರ ಇರಿ.

ಆರನೆಯ ದಿನಕ್ಕೆ ಏನನ್ನೂ ಗೊತ್ತು ಮಾಡಬೇಡಿ. ಕೃಷ್ಣನ ಗುಡಿಗೆ ಹೋಗುವವರು ಹೋಗಲಿ, ಮಲಗುವವರು ಮಲಗಲಿ. ಯಾರಿಗಾದರೂ ಜ್ವರ ಬಂದರೆ, ಬಸ್ಸು ತಪ್ಪಿದರೆ, ಈ ದಿನ ಕೈಗೆ ಬರುತ್ತದೆ. ಏಳನೆಯ ದಿನ ಶಿವಮೊಗ್ಗದ ಮೇಲೆ ವಾಪಸು. ಆಗುಂಬೆ ಘಾಟಿಯಲ್ಲಿ ದೊಡ್ಡ ಬಸ್ಸು ಹೋಗದು, ಮಿನಿ ಬಸ್ಸೇ ಗತಿ. ಬೆಳಿಗ್ಗೆ ಬೇಗ ಹೊರಡಿ.

ದುಡ್ಡಿನ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೆಟ್ಟಿಗೆ ದುಡ್ಡಿಲ್ಲ. ಆಧಾರ್ ಕಾರ್ಡು ಕೈಗೆ ಸಿಗುವ ಹಾಗಿರಲಿ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸಿಗೆ ಇದು ನಡೆಯದು. ಮಲೆನಾಡು, ಉಡುಪಿ ಕಡೆ ಖಾಸಗಿ ಬಸ್ಸು ಬಹಳ, ಅಲ್ಲೂ ದುಡ್ಡು ಕೊಡಲೇಬೇಕು. ಆದರೂ ಅತ್ತೆ, ಮಗಳು, ನೀವು ಮೂವರ ಬಸ್‌ಚಾರ್ಜು ಬಹುಮಟ್ಟಿಗೆ ಉಳಿಯುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತಿದ್ದರೆ ಅದರಲ್ಲಿ ತಿಂಗಳಿಗಿಷ್ಟು ಎಂದು ತೆಗೆದಿಡಿ. ಕೋಣೆಗೆ, ಊಟಕ್ಕೆ, ಆಟೋ-ದೋಣಿ-ಸಫಾರಿಗೆ ಅಂತ ಮೂರು ಲಕೋಟೆ ಮಾಡಿ, ಒಂದರ ದುಡ್ಡು ಇನ್ನೊಂದಕ್ಕೆ ಹೋಗದಿರಲಿ. ನಾಲ್ಕನೆಯದು ನಿಮ್ಮ ಹೆಸರಿನದು, ಚಿಕ್ಕದಾದರೂ ಸರಿ. ಅದರ ಲೆಕ್ಕ ಯಾರಿಗೂ ಒಪ್ಪಿಸಬೇಕಿಲ್ಲ.

ಬುತ್ತಿ ಎರಡು ದಿನಕ್ಕೆ ಸಾಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮಕ್ಕಳಿಗೆ ಒಗ್ಗರಣೆ ಮಂಡಕ್ಕಿ. ರೊಟ್ಟಿಯನ್ನು ಆರಿದ ಮೇಲೆಯೇ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ, ಕರಾವಳಿಯ ಹವೆಗೆ ಬೇಗ ಮೆತ್ತಗಾಗುತ್ತದೆ. ಸ್ಟೌ, ಕುಕ್ಕರು, ಅಕ್ಕಿ ಕಟ್ಟಿಕೊಂಡು ಹೋಗುವವರನ್ನು ಕಂಡಿದ್ದೇನೆ. ಊಟದ ಖರ್ಚು ಉಳಿಯುತ್ತದೆ, ನಿಜ. ಆದರೆ ಎಲ್ಲರೂ ಆನೆ ನೋಡಿ ಬರುವ ಹೊತ್ತಿಗೆ ಆಕೆ ಲಾಡ್ಜಿನ ಬಚ್ಚಲಲ್ಲಿ ಪಾತ್ರೆ ತೊಳೆಯುತ್ತಿರುತ್ತಾಳೆ. ಒಂದು ದಿನ ಕಡಿಮೆ ಮಾಡಿ ಬೇಕಾದರೆ, ಸ್ಟೌ ಮಾತ್ರ ಒಯ್ಯಬೇಡಿ.

ಚೀಲ ಒಬ್ಬೊಬ್ಬರಿಗೆ ಒಂದೊಂದು, ಅವರವರದು ಅವರೇ ಹೊರಲಿ, ಯಜಮಾನರೂ. ಎಮ್ಮೆ ಹಾಲು ಕರೆಯಲು ಪಕ್ಕದ ಮನೆಯವರಿಗೆ ಹೇಳಿ, ಆ ವಾರದ ಹಾಲು ಅವರಿಗೇ ಬಿಡಿ. ಅವರು ಹೊರಟಾಗ ನೀವು ಅವರ ಮನೆ ನೋಡಿಕೊಂಡರಾಯಿತು.